ಹುವಾ ಶ್ಯೋಂಗ್‌ನನ್ನು ಕೊಂದವರು ಯಾರು?

ಓದುಗರೊಬ್ಬರ ಪತ್ರ: 'ಮೂರು ರಾಜ್ಯಗಳ ಕಾದಂಬರಿಯಲ್ಲಿ ಹುವಾ ಶ್ಯೋಂಗ್ ಎಂಬ ದೈತ್ಯ ಸೇನಾನಿಯನ್ನು ಗುವಾನ್ ಯು ಕೊಲ್ಲುತ್ತಾನೆ. ಬೇರೆ ಕಡೆ, ಕೊಂದವನು ಸುನ್ ಜ್ಯೆನ್ ಎಂದಿದೆ. ಯಾವುದು ಸರಿ? ಅವನ ಹುದ್ದೆ ಎಷ್ಟು ದೊಡ್ಡದು? ಅವನನ್ನಿಟ್ಟುಕೊಂಡು ಕಥೆ ಬರೆಯುವ ಆಸೆಯಿದೆ. ಸಾಮಗ್ರಿ ಸಿಕ್ಕೀತೇ?'

ಸಂಪಾದಕರ ಉತ್ತರ:

ಇತಿಹಾಸ ಸುನ್ ಜ್ಯೆನ್‌ನ ಕಡೆಗಿದೆ. 3ನೇ ಶತಮಾನದ ಚೆನ್ ಶೌ ಬರೆದ 'ಮೂರು ರಾಜ್ಯಗಳ ದಾಖಲೆ'ಯಲ್ಲಿ ಸುನ್ ಜ್ಯೆನ್‌ನ ಚರಿತ್ರೆ ತೆಗೆದು ನೋಡಿ. ಒಮ್ಮೆ ಸೋತು ಚದುರಿದ ಸೈನ್ಯವನ್ನು ಮತ್ತೆ ಕೂಡಿಸಿ, ಕ್ರಿ.ಶ. 191ರಲ್ಲಿ ಯಾಂಗ್‌ರೆನ್‌ನಲ್ಲಿ ಅವನು, ಆಗ ಚೀನಾದ ಹಾನ್ ಆಸ್ಥಾನವನ್ನು ಕೈವಶ ಮಾಡಿಕೊಂಡಿದ್ದ ಸೇನಾನಿ ದೊಂಗ್ ಜುವೊನ ದಂಡನ್ನು ಮುರಿದ. 'ದೂದು ಹುವಾ ಶ್ಯೋಂಗ್ ಮೊದಲಾದವರ' ತಲೆ ತೆಗೆಸಿ ತೂಗುಹಾಕಿದ. ದೂದು ಎಂಬುದು ಅವನ ಹುದ್ದೆಯ ಹೆಸರು. ಇಷ್ಟೇ. ಹುವಾ ಶ್ಯೋಂಗ್‌ನ ಊರು, ವಯಸ್ಸು, ಆಯುಧ ಯಾವುದೂ ಅಲ್ಲಿಲ್ಲ. ಸುನ್ ಜ್ಯೆನ್ ತನ್ನ ಕೈಯಾರೆ ಕಡಿದನೆಂದೂ ಇಲ್ಲ. ಅದೇ ಗ್ರಂಥದ ಗುವಾನ್ ಯು ಚರಿತ್ರೆಯಲ್ಲಿ ಇವನ ಸುದ್ದಿಯೇ ಇಲ್ಲ.

ಹುದ್ದೆಯ ಪ್ರಶ್ನೆ ನಿಮ್ಮ ಕಥೆಗೆ ಹೆಚ್ಚು ಮುಖ್ಯ. ಹಾನ್ ಸೈನ್ಯದ ಕ್ರಮಬದ್ಧ ಏಣಿಯಲ್ಲಿ ಮಹಾಸೇನಾಪತಿಯ ಕೆಳಗೆ 5 ದಳಗಳು. ದಳಕ್ಕೊಬ್ಬ ಶ್ಯಾವೇ, ಸಂಬಳದ ದರ್ಜೆ 2000 ಶಿ ಧಾನ್ಯಕ್ಕೆ ಸಮಾನ. ಅವನ ಕೆಳಗಿನ ತುಕಡಿಗೆ ಜುನ್‌ಹೌ, 600 ಶಿ. ಇನ್ನೂ ಕೆಳಗೆ ತುನ್‌ಜಾಂಗ್, 200 ಶಿ. ಈ ಏಣಿಯಲ್ಲಿ ದೂದು ಎಂಬ ಮೆಟ್ಟಿಲೇ ಇಲ್ಲ. ಅದು ಆ ದಿನಗಳಲ್ಲಿ ಸೈನ್ಯದೊಳಗಿನ ಒಂದು ಪಾಳಯದ ಮೇಲ್ವಿಚಾರಣೆಗೆ ಕೊಡುತ್ತಿದ್ದ ಜವಾಬ್ದಾರಿ. ಮುಂದೆ ಮೂರು ರಾಜ್ಯಗಳಲ್ಲೊಂದಾದ ವೂ ರಾಜ್ಯದಲ್ಲಿ ಸೇನಾನಿ ಲು ಶುನ್ ಪಡೆದ ಮಹಾ ದೂದು ಪದವಿಯ ತೂಕವನ್ನು 191ರ ಹುವಾ ಶ್ಯೋಂಗ್‌ಗೆ ಹೊರಿಸಿದರೆ ಕಥೆ ಅಲ್ಲೇ ಹಳಿ ತಪ್ಪುತ್ತದೆ.

ಇದಕ್ಕೆ ಗಟ್ಟಿ ಆಧಾರ, ಚೆನ್ ಶೌನ ಗ್ರಂಥಕ್ಕೆ ಪೇ ಸೊಂಗ್‌ಜಿ ಬರೆದು 429ರಲ್ಲಿ ಮುಗಿಸಿದ ಟಿಪ್ಪಣಿಗಳಲ್ಲಿದೆ. ಅಲ್ಲಿ ಉದ್ಧರಿಸಿದ ಹಳೆಯ ವೃತ್ತಾಂತದ ಪ್ರಕಾರ ಯಾಂಗ್‌ರೆನ್ ಕೋಟೆಗೆ ಬಂದಿದ್ದ ಸುನ್ ಜ್ಯೆನ್‌ನ ಮೇಲೆ ದೊಂಗ್ ಜುವೊ ಕಾಲಾಳು ಕುದುರೆ ಸೇರಿ 5000 ಮಂದಿಯನ್ನು ಕಳಿಸಿದ. ದಂಡಿನ ಮುಖ್ಯಸ್ಥ ಹು ಜೆನ್, ಅಶ್ವದಳಕ್ಕೆ ಲ್ಯೂ ಬು. ಉಳಿದ ಅಧಿಕಾರಿಗಳೂ ದೂದುಗಳೂ 'ಬಹಳ ಮಂದಿ'. ಆ ಬಹಳ ಮಂದಿಯಲ್ಲಿ ನಮ್ಮವನೊಬ್ಬ.

ನನ್ನ ಮಟ್ಟಿಗೆ ಕಾದಂಬರಿಯ ದ್ವಂದ್ವಯುದ್ಧಕ್ಕಿಂತ ಈ ಟಿಪ್ಪಣಿಯೇ ಹೆಚ್ಚು ರೋಚಕ. ಹು ಜೆನ್ ಮುಂಗೋಪಿ. ಹೊರಡುವ ಮೊದಲೇ, ಶಿಸ್ತು ಬರಬೇಕಾದರೆ ಒಬ್ಬ ನೀಲಿಪಟ್ಟಿಯವನ ತಲೆ ಹೋಗಬೇಕು ಎಂದುಬಿಟ್ಟ. ನೀಲಿಪಟ್ಟಿ ಹಿರಿಯ ಅಧಿಕಾರಿಗಳ ಮುದ್ರೆಗೆ ಕಟ್ಟುವ ದಾರ, ಹಾಗಾಗಿ ಮಾತು ನೇರವಾಗಿ ಜೊತೆಗಾರರಿಗೇ ತಗುಲಿತು. ಗುವಾಂಗ್‌ಚೆಂಗ್‌ನಲ್ಲಿ ತಂಗಿ, ಕುದುರೆಗಳಿಗೆ ಮೇವು ಹಾಕಿ, ಉಂಡು, ರಾತ್ರಿ ಹೊರಟು ಬೆಳಗಾಗುತ್ತಲೇ ಕೋಟೆಗೆ ಬೀಳಬೇಕೆಂಬುದು ದೊಂಗ್ ಜುವೊನ ಆಜ್ಞೆ. ಶತ್ರು ಓಡಿಹೋಗುತ್ತಿದ್ದಾನೆ, ಈಗಲೇ ಹಿಡಿಯಬೇಕು ಎಂದು, ಹು ಜೆನ್‌ನ ಕೆಲಸ ಕೆಡಿಸಲು, ಲ್ಯೂ ಬು ಕಡೆಯವರು ಪುಕಾರು ಹಬ್ಬಿಸಿದರು. ಸೈನ್ಯ ಹಸಿದ ಹೊಟ್ಟೆಯಲ್ಲೇ ನಡೆಯಿತು. ಹೋಗಿ ನೋಡಿದರೆ ಕೋಟೆಗೆ ಬಿಗಿ ಕಾವಲು. ಕಂದಕ ತೋಡದೆ, ಕವಚ ಬಿಚ್ಚಿ ಮಲಗಿದವರ ನಡುವೆ 'ಶತ್ರು ಹೊರಬಿದ್ದ' ಎಂಬ ಎರಡನೇ ಕೂಗು ಎದ್ದಿತು. ಎಲ್ಲ ಬಿಸಾಕಿ ಹತ್ತು ಲಿ (ಸುಮಾರು ನಾಲ್ಕು ಕಿ.ಮೀ.) ದೂರಕ್ಕೂ ಮೀರಿ ಓಡಿದರು. ಬೆಳಕು ಹರಿದ ಮೇಲೆ ಮರಳಿ ಬಂದು ಆಯುಧ ಆಯ್ದುಕೊಂಡರು. ಅಷ್ಟರಲ್ಲಿ ಕೋಟೆಯವರ ಕಂದಕ ಆಳವಾಗಿತ್ತು.

14ನೇ ಶತಮಾನದ ಲುವೊ ಗುವಾನ್‌ಜೊಂಗ್‌ನ ಹೆಸರಿನಲ್ಲಿರುವ ಕಾದಂಬರಿ, 5ನೇ ಅಧ್ಯಾಯದಲ್ಲಿ, ಇದನ್ನೆಲ್ಲ ತಿರುವಿಹಾಕುತ್ತದೆ. 5000 ಸೈನ್ಯ 50,000 ಆಗುತ್ತದೆ. ಮೇಲಧಿಕಾರಿ ಹು ಜೆನ್ ಹುವಾ ಶ್ಯೋಂಗ್‌ನ ಕೈಕೆಳಗೆ ಬಂದು, ಸುನ್ ಜ್ಯೆನ್‌ನ ಸೇನಾನಿ ಚೆಂಗ್ ಪುವಿನ ಕೈಯಲ್ಲಿ ಸಾಯುತ್ತಾನೆ. ನಿಜವಾದ ಹು ಜೆನ್ 192ರಲ್ಲೂ ಸೇನೆ ನಡೆಸಿ, ಪಕ್ಷ ಬದಲಿಸಿದವನು. ಲುವೊಯಾಂಗ್‌ನ ದಕ್ಷಿಣದ ಯಾಂಗ್‌ರೆನ್ ಬಿಟ್ಟು ಕದನ ಪೂರ್ವದ ಸಿಶುಯಿ ಕಣಿವೆಬಾಗಿಲಿಗೆ ಹೋಗುತ್ತದೆ. ಸುನ್ ಜ್ಯೆನ್‌ನ ಸೈನ್ಯಕ್ಕೆ ಮಿತ್ರ ಯುವಾನ್ ಶು ಧಾನ್ಯ ನಿಲ್ಲಿಸಿದ್ದು ಚರಿತ್ರೆಯಲ್ಲಿ ಯಾಂಗ್‌ರೆನ್ ಗೆಲುವಿನ ನಂತರ. ಕಾದಂಬರಿಯಲ್ಲಿ ಅದೇ ಸುನ್ ಜ್ಯೆನ್‌ನ ಸೋಲಿಗೆ ಕಾರಣ. ಹುವಾ ಶ್ಯೋಂಗ್ ಎದುರಾಳಿ ಕೂಟದ ಪಾನ್ ಫೆಂಗ್ ಮೊದಲಾದವರನ್ನು ಸಾಲಾಗಿ ಕೆಡವುವುದು ಸಾಮಾನ್ಯ ಬಿಲ್ಲುಗಾರ ಗುವಾನ್ ಯುವನ್ನು ಎತ್ತರಿಸಲು. ಅದೇ ಕೂಟದ ನಾಯಕ ತ್ಸಾವ್ ತ್ಸಾವ್ ಬಿಸಿಮಾಡಿಸಿದ ಮದ್ಯ ಆರುವ ಮೊದಲೇ ಆ ತಲೆ ಶಿಬಿರಕ್ಕೆ ಬರುತ್ತದೆ. ಕಲೆಯಾಗಿ ಅದ್ಭುತ ದೃಶ್ಯ, ಒಪ್ಪೋಣ.

ನೀವು ಬರೆಯುವಾಗ ಮೊದಲು ಚೆನ್ ಶೌನ ಮೂಲ, ಆಮೇಲೆ ಟಿಪ್ಪಣಿ, ಕೊನೆಯಲ್ಲಿ ಕಾದಂಬರಿ, ಈ ಕ್ರಮದಲ್ಲಿ ಓದಿ. ಪ್ರತಿ ವಿವರದ ಪಕ್ಕದಲ್ಲಿ ಅದು ಯಾವುದರಿಂದ ಬಂತೆಂದು ಗುರುತು ಹಾಕಿ. ಕಾದಂಬರಿ ಕೊಡುವ 9 ಚಿ ಎತ್ತರವನ್ನು ಹಾನ್ ಅಳತೆಯಲ್ಲಿ ಲೆಕ್ಕಹಾಕಿದರೂ ಎರಡು ಮೀಟರ್ ದಾಟುತ್ತದೆ. ಇತಿಹಾಸದ ಕಥೆಗೆ ಅದು ಬೇಡ. ಅವನನ್ನು ಹು ಜೆನ್‌ನ ಬೆದರಿಕೆ ಕೇಳಿಸಿಕೊಂಡ, ಆ ರಾತ್ರಿ ಊಟವಿಲ್ಲದೆ ನಡೆದ ಅಧಿಕಾರಿಯಾಗಿಸಿ. ಟಿಪ್ಪಣಿ, ಸೈನ್ಯ ಕೋಟೆಗೆ ನುಗ್ಗಲಾರದೆ ಹಿಂತಿರುಗಿತು ಎನ್ನುತ್ತದೆ. ಚೆನ್ ಶೌ, ದಂಡು ಮುರಿದು ಅವನ ತಲೆ ಹೋಯಿತು ಎನ್ನುತ್ತಾನೆ. ಹಿಮ್ಮೆಟ್ಟುವಾಗ ಸುನ್ ಜ್ಯೆನ್‌ನವರು ಬೆನ್ನಟ್ಟಿ ಬಂದಾಗ ಅವನು ಬಿದ್ದನೆಂದು ನೀವು ಕಲ್ಪಿಸಿಕೊಂಡರೆ ಎರಡು ಪಠ್ಯಗಳೂ ಅಡ್ಡ ಬರುವುದಿಲ್ಲ.