ಒಂದು ರಾತ್ರಿಯಲ್ಲಿ ಎದ್ದ ಊರಲ್ಲ

ಸಿಂಧನೂರಿನ ಓದುಗರೊಬ್ಬರು ಬರೆದಿದ್ದಾರೆ: "ಹನಿ ನೀರಾವರಿಗೆ ಹೆಸರಾದ ಇಸ್ರೇಲಿನ ಹತ್ಸೇರಿಮ್ ಕಿಬ್ಬುಟ್ಸ್ (ಎಲ್ಲರೂ ಕೂಡಿ ದುಡಿದು ಹಂಚಿಕೊಳ್ಳುವ ಊರು) ಬರಡು ಮರಳುಗಾಡಿನಲ್ಲಿ ಒಂದೇ ರಾತ್ರಿಯಲ್ಲಿ ಎದ್ದಿತು ಎಂದಿದ್ದೀರಿ. ಸವಳು (ಉಪ್ಪು ತುಂಬಿದ) ಭೂಮಿಯ ಪಾಡು ಉಂಡವನು ನಾನು, ನಂಬಲಾಗುತ್ತಿಲ್ಲ. ಅಲ್ಲಿಗೆ ಹೋದವರಾದರೂ ಯಾರು?"

ಸಂಪಾದಕರ ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ರಾತ್ರೋರಾತ್ರಿ ಎದ್ದದ್ದು ಮನೆಚೌಕಟ್ಟು, ಬೇಲಿ ಅಷ್ಟೇ. 1946ರ ಅಕ್ಟೋಬರ್ 5ರಂದು ಯಹೂದಿಗಳ ಪವಿತ್ರ ದಿನ ಯೋಮ್ ಕಿಪ್ಪುರ್‌ನ ಉಪವಾಸ ಮುಗಿದದ್ದೇ ತಡ, ಲಾರಿಗಳು ಹೊರಟವು. ಬೆಳಗಾಗುವಷ್ಟರಲ್ಲಿ ದಕ್ಷಿಣದ ನೆಗೆವ್ ಮರಳುಗಾಡಿನಲ್ಲಿ ಹತ್ಸೇರಿಮ್ ಸೇರಿ 11 ನೆಲೆಗಳು. ಅಲ್ಲಿ ಯಹೂದಿಗಳು ಜಮೀನು ಕೊಳ್ಳದಂತೆ, ಆಗ ಪ್ಯಾಲೆಸ್ಟೈನ್ ಆಳುತ್ತಿದ್ದ ಬ್ರಿಟಿಷರು ಕಟ್ಟುಪಾಡು ಹಾಕಿದ್ದರು. ಆ ಆತುರಕ್ಕೆ ಅದೂ ಕಾರಣ.

ಹತ್ಸೇರಿಮ್‌ಗೆ ಬಂದವರಲ್ಲಿ ಪ್ಯಾಲೆಸ್ಟೈನ್‌ನಲ್ಲೇ ಹುಟ್ಟಿ ಬೆಳೆದ ಸ್ಕೌಟ್ ಯುವಕರ ಜೊತೆಗೆ 'ಟೆಹ್ರಾನ್ ಮಕ್ಕಳು' ಇದ್ದರು. ಹಿಟ್ಲರನ ದಾಳಿಗೆ ಪೋಲೆಂಡ್ ಬಿಟ್ಟು, ಸೋವಿಯತ್ ನೆಲ ದಾಟಿ ಇರಾನ್ ಸೇರಿದ್ದ ಮಕ್ಕಳು ಇವರು, ಬಹಳಷ್ಟು ಮಂದಿ ಅನಾಥರು. ಅಲ್ಲಿಂದ ಹಡಗಿನಲ್ಲಿ ಆಗಿನ ನಮ್ಮ ಕರಾಚಿಗೆ, ಕರಾಚಿಯಿಂದ ಸೂಯೆಜ್‌ಗೆ, ಮುಂದೆ ರೈಲಿನಲ್ಲಿ 1943ರ ಫೆಬ್ರವರಿಯಲ್ಲಿ ಪ್ಯಾಲೆಸ್ಟೈನ್‌ಗೆ. ನಾಲ್ಕು ವರ್ಷ ತುಂಬುವ ಮೊದಲೇ ಅವರ ಕೈಗೆ ಗುದ್ದಲಿ ಬಂತು. ಆ ವಯಸ್ಸನ್ನು ನೆನೆದರೆ ನನ್ನ ಕರುಳು ಚುರುಕ್ಕೆನ್ನುತ್ತದೆ.

ನೀರು ಬಂದದ್ದು ಮರುವರ್ಷ. ಯುದ್ಧಕಾಲದ ಲಂಡನ್ನಿನಲ್ಲಿ ಬೆಂಕಿ ಆರಿಸಲು ಬಳಸಿದ್ದ ಕಬ್ಬಿಣದ ಪೈಪುಗಳನ್ನು ಕೊಂಡುತಂದು ಇಂಜಿನಿಯರ್ ಸಿಮ್ಖಾ ಬ್ಲಾಸ್ ನೆಗೆವ್‌ಗೆ ಕೊಳವೆಮಾರ್ಗ ಹಾಕಿಸಿದರು. ಆದರೆ ನೆಲದ ಉಪ್ಪು ಬೆಳೆ ಏಳಗೊಡಲಿಲ್ಲ. 1950ರ ದಶಕದ ಕೊನೆಗೆ ಜಾಗ ಬಿಡುವುದೋ ಇರುವುದೋ ಎಂದು ಮತಕ್ಕೆ ಹಾಕಿದರು. ಇರುತ್ತೇವೆ ಎಂದರು. ಹೊಲದಲ್ಲಿ ಮತ್ತೆ ಮತ್ತೆ ನೀರು ಕಟ್ಟಿ ನಿಲ್ಲಿಸಿ ಉಪ್ಪನ್ನು ಬೇರಿನ ಆಳದಿಂದ ಕೆಳಕ್ಕೆ ತೊಳೆದರು. ನನ್ನ ಲೆಕ್ಕದಲ್ಲಿ ಊರು ಹುಟ್ಟಿದ್ದು ಆ ಸಭೆಯಲ್ಲಿ. ಅದೇ ಬ್ಲಾಸ್ 1965ರಲ್ಲಿ ಹನಿ ನೀರಾವರಿಯ ಯೋಜನೆಯನ್ನು ಇವರ ಕೈಗಿತ್ತರು, ಹನಿ ನೀರಾವರಿ ಕಂಪನಿ ನೆಟಾಫಿಮ್ ಹುಟ್ಟಿತು.

'ಬರಡು' ಎಂದದ್ದು ಮಾತ್ರ ನಮ್ಮ ತಪ್ಪು, ತಿದ್ದಿಕೊಳ್ಳುತ್ತೇನೆ. ನೆಗೆವ್‌ನಲ್ಲಿ ಬೆದೂಯಿನ್ ಅರಬರು ಕುರಿ ಮೇಯಿಸುತ್ತಿದ್ದರು, ಮಳೆ ನಂಬಿ ಜವೆಗೋಧಿ ಬಿತ್ತುತ್ತಿದ್ದರು. 1948ರ ಅರಬ್-ಇಸ್ರೇಲ್ ಯುದ್ಧದ ಬಳಿಕ ಅಲ್ಲಿ ಉಳಿದವರು ಸುಮಾರು 11,000 ಮಂದಿ. ಅವರನ್ನೂ ಒಂದು ಎಲ್ಲೆಯೊಳಗೆ ಕೂಡಿಹಾಕಿ 1966ರವರೆಗೆ ಮಿಲಿಟರಿ ಆಡಳಿತದಲ್ಲಿ ಇಡಲಾಯಿತು. ಇದನ್ನು ಬಿಟ್ಟು ಹತ್ಸೇರಿಮ್ ಕಥೆ ಹೇಳಬಾರದಿತ್ತು.

ಇನ್ನು ನಿಮ್ಮ ಹೊಲ. ಉಪ್ಪು ತೊಳೆದ ನೀರು ಬಸಿದುಹೋಗಲು ದಾರಿ ಬೇಕು. ನಿಮ್ಮ ಕಡೆ ಸವಳಿನ ಜೊತೆ ಜವಳೂ (ನೀರು ಬಸಿಯದೆ ನಿಲ್ಲುವ ನೆಲ) ಇದೆಯಲ್ಲ, ಬಸಿಗಾಲುವೆ ತೋಡಿಸದೆ ಹೊಲದಲ್ಲಿ ನೀರು ಕಟ್ಟಿ ನಿಲ್ಲಿಸಬೇಡಿ.