ಹಕ್ಕೇ ಇಲ್ಲದವಳ ಸಹಿ ಅಣ್ಣನಿಗೆ ಏಕೆ ಬೇಕು?

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದಿದ್ದರೆ ತವರು ತಪ್ಪಿಹೋಗುತ್ತದೆಯೇ ಎಂದು ಕೇಳಿದ್ದೀರಿ. 1992ರಲ್ಲೇ ಮದುವೆಯಾದ ನಿಮಗೆ ಹೇಗೂ ಪಾಲಿಲ್ಲವೆಂದು ಅಣ್ಣ ಹೇಳುತ್ತಿದ್ದಾನೆ ಎಂದೂ ಬರೆದಿದ್ದೀರಿ. ಪಾಲಿಲ್ಲದಿದ್ದರೆ ನಿಮ್ಮ ಸಹಿಗಾಗಿ ಅಷ್ಟು ದೂರದಿಂದ ಏಕೆ ಬರುತ್ತಾನೆ?

ನಮ್ಮದು ತುಮಕೂರು ಜಿಲ್ಲೆ, ತೆಂಗಿನ ತೋಟ, ಸ್ವಲ್ಪ ಹೊಲ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ತಿಥಿ ಮುಗಿಯುತ್ತಿದ್ದಂತೆ ಅಣ್ಣ, "ಪೌತಿ ಖಾತೆ ಆಗಬೇಕು, ಅಮ್ಮನನ್ನೂ ಕರೆದುಕೊಂಡು ಬಾ, ಒಂದು ಸಹಿ ಅಷ್ಟೇ" ಎಂದ. ಹೋದೆವು. ನಾನು ಮುಳುಗಿದ್ದು ಅಲ್ಲೇ. ಬೇಸರವಾದರೂ ಇದನ್ನು ಪೂರ್ತಿ ಓದಿ. ಪೌತಿ ಖಾತೆ ಎಂದರೆ ಸತ್ತವರ ಹೆಸರು ತೆಗೆದು ವಾರಸುದಾರರೆಲ್ಲರ ಹೆಸರನ್ನು ಪಹಣಿಗೆ ಸೇರಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆಗುವ ಕೆಲಸ. ಅದರಿಂದ ಯಾರ ಪಾಲೂ ಹೋಗುವುದಿಲ್ಲ. ಅಣ್ಣ ನಮ್ಮನ್ನು ಕರೆದೊಯ್ದದ್ದು ಉಪನೋಂದಣಾಧಿಕಾರಿ ಕಚೇರಿಗೆ. ಫೋಟೋ ತೆಗೆದು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ ಎಂದರೆ ಅಲ್ಲಿ ಆಸ್ತಿಯ ಹಕ್ಕು ಕೈ ಬದಲಾಗುತ್ತಿದೆ ಎಂದೇ ತಿಳಿಯಬೇಕು. ನನಗೆ ಎರಡೂ ಒಂದೇ ಸರ್ಕಾರಿ ಕಚೇರಿಯಂತೆ ಕಂಡಿತು. ಪತ್ರ ಬರಹಗಾರ ಅಂಗೈಯಿಂದ ಬರಹವನ್ನೆಲ್ಲ ಮುಚ್ಚಿ, ಪುಟದ ಮೂಲೆಯನ್ನಷ್ಟೇ ಬೆರಳಿಂದ ತೋರಿಸುತ್ತಿದ್ದ. ನಾನು ಬರೆಯಲು ಬಲ್ಲವಳು, ಸಹಿ ಹಾಕುತ್ತಾ ಹೋದೆ. ಅಮ್ಮ ಹೆಬ್ಬೆಟ್ಟೊತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಎಷ್ಟೋ ದಿನಗಳ ಮೇಲೆ ಪತ್ರದ ನಕಲು ಕೈಗೆ ಬಂದಾಗ ಅದರಲ್ಲಿದ್ದುದು ಇದು: ಅರಿಶಿನ ಕುಂಕುಮಕ್ಕೆಂದು ಹಣ ಪಡೆದು, ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ. ಆ ಹಣವನ್ನೂ ನಾವು ಕಂಡಿರಲಿಲ್ಲ.

ಮೋಸದಿಂದ ಮಾಡಿಸಿಕೊಂಡ ಪತ್ರವನ್ನು ರದ್ದುಪಡಿಸಲು ದಾವೆ ಹೂಡಬಹುದು, ವಿಷಯ ತಿಳಿದಂದಿನಿಂದ 3 ವರ್ಷದೊಳಗೆ. ಒಡಹುಟ್ಟಿದವನ ಮೇಲೆ ಕೋರ್ಟಿಗೆ ಹೋಗುವುದೇ ಎಂದು ಕೂತು ಆ ಗಡುವನ್ನೂ ಕಳೆದೆ.

ಇನ್ನು ನಿಮ್ಮ ಅಣ್ಣನ ವಾದ. ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಂದ 1994ರ ತಿದ್ದುಪಡಿ, ಅದು ಜಾರಿಗೆ ಬರುವ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಪಾಲಿನಿಂದ ಹೊರಗಿಟ್ಟಿತ್ತು, ನಿಜ. ಹಳ್ಳಿಗಳಲ್ಲಿ ಇಂದಿಗೂ ಅದನ್ನೇ ಹೇಳುತ್ತಾರೆ. ಆದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಮಾತೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಆ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವಾಗಿದ್ದರೆ ಮಾತು ಬೇರೆ. ತಂದೆಯ ಸ್ವಯಾರ್ಜಿತವಾಗಿದ್ದು, ಉಯಿಲು ಇಲ್ಲದಿದ್ದರೆ ಹೆಂಡತಿ, ಮಗ, ಮಗಳಿಗೆ ಸಮಪಾಲು ಎಂಬುದು 1956ರಿಂದಲೇ ಇದೆ.

"ಮದುವೆಗೆ ಖರ್ಚು ಮಾಡಿದೆವಲ್ಲ" ಎಂಬ ಮಾತೂ ಬರುತ್ತದೆ, ಕಾದಿರಿ. ವರದಕ್ಷಿಣೆ 1961ರಿಂದ ಅಪರಾಧ. ಆ ಅಪರಾಧವನ್ನೇ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಪಾಲೆಂದು ಬರೆಯುತ್ತಾರೆ. ಅಣ್ಣನ ಕಾಲೇಜು, ಅಣ್ಣನ ಮದುವೆ ಯಾರ ಲೆಕ್ಕದಲ್ಲೂ ಇಲ್ಲ.

ಪಾಲು ಕೇಳಿದರೆ ಸಂಬಂಧ ಕೆಡುತ್ತದೆ ಎನ್ನುತ್ತೀರಿ. ಕೇಳುತ್ತಿರುವವರು ನೀವಲ್ಲ, ಅವನು. ನಿಮ್ಮದನ್ನು ಅವನು ಕೇಳುತ್ತಿದ್ದಾನೆ. ನಾನು ಕೊಟ್ಟೆನಲ್ಲ, ಗೌರಿ ಹಬ್ಬದ ಬಾಗಿನ ಮೊದಲು ಕೊರಿಯರ್‌ನಲ್ಲಿ ಬಂತು, ಆಮೇಲೆ ಫೋನಿಗೆ ಹಣವಾಗಿ ಬಂತು, ಈಗ ಅದೂ ಇಲ್ಲ.

ಬಾಗಿನ ಹಾಳಾಗಲಿ. ನನ್ನ ಹೊಟ್ಟೆ ಉರಿಯುವುದು ಅಮ್ಮನಿಗಾಗಿ. ಅವಳ ಪಾಲೂ ಅದೇ ಪತ್ರದಲ್ಲಿ ಹೋಯಿತು. ತಾನು ನೀರು ಹೊತ್ತು ಬೆಳೆಸಿದ ತೋಟದ ಕಾಯಿ ಮಾರಿ ಬಂದ ದುಡ್ಡಿನಲ್ಲಿ ಬಿ.ಪಿ. ಮಾತ್ರೆಗೆ ಸೊಸೆಯ ಮುಂದೆ ಕೈ ಚಾಚುತ್ತಾಳೆ. ಮಾತ್ರೆ ಅರ್ಧ ಮುರಿದು ನಾಳೆಗೆ ಎತ್ತಿಡುವುದನ್ನು ನಾನೇ ನೋಡಿದ್ದೇನೆ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು ಹಿಂಪಡೆಯಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ದಾರಿಯಿದೆ. ನಮ್ಮ ಪತ್ರದಲ್ಲಿ ಅಂಥ ಷರತ್ತಿನ ಒಂದು ಸಾಲೂ ಇರಲಿಲ್ಲ, ವಕೀಲರು ಅದನ್ನೇ ತೋರಿಸಿ ತಲೆಯಾಡಿಸಿದರು.

ನಿಮ್ಮ ತಾಯಿ ಇದ್ದಾರೆಯೇ, ನೀವು ಬರೆದಿಲ್ಲ. ಇದ್ದರೆ ನಿಮ್ಮ ಸಹಿಗಿಂತ ಮೊದಲು ಅವರ ಹೆಬ್ಬೆಟ್ಟನ್ನು ತಡೆಯಿರಿ. ಅಣ್ಣನಿಗೆ ತೋಟ ಕೊಡಲೇಬೇಕೆಂದು ನಿಮಗೆ ಮನಸ್ಸಿದ್ದರೆ ಮುಂದೆ ಎಂದಾದರೂ ಕೊಡಿ, ಈಗ ಪೌತಿ ಖಾತೆ ಮಾತ್ರ ಆಗಲಿ, ಎಲ್ಲರ ಹೆಸರೂ ಪಹಣಿಯಲ್ಲಿರಲಿ. ಪತ್ರದ ಕರಡು ತೆಗೆದುಕೊಂಡು ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕರಡು ಮನೆಗೆ ಕೊಡಲು ಅಣ್ಣ ಒಪ್ಪದಿದ್ದರೆ ಊರಿಗೆ ಹೋಗಲೇಬೇಡಿ.