ಏನೂ ಸಾಧಿಸದವರಿಗೂ ದೇವರ ಕೃಪೆ ಸಿಗುತ್ತದಾ?

ಕ್ರೈಸ್ತರು ಹೇಳುವಂತೆ ಕೃಪೆ ಪುಕ್ಕಟೆ ಸಿಗುವುದಾದರೆ, ಕಷ್ಟಪಟ್ಟು ಒಳ್ಳೆಯವರಾಗಿ ಬಾಳುವುದು ಯಾಕೆ ಅಂತ ಕೇಳಿದ್ದೀರಿ. ನಮ್ಮ ಕೊಡಗಿನಲ್ಲಿ ಈ ಪ್ರಶ್ನೆ ಸಹಜ. ಮಾರ್ಕ್ಸ್, ಹಾಕಿ ಟೀಮಿನಲ್ಲಿ ಜಾಗ, ಸೈನ್ಯದಲ್ಲಿ ಬಡ್ತಿ, ಎಲ್ಲವನ್ನೂ ದುಡಿದೇ ಪಡೆಯಬೇಕು. ಕಿಲೋ ಲೆಕ್ಕದ ಕಾಫಿ ಕೊಯ್ಲಿನಲ್ಲಂತೂ ಹಣ್ಣು ತೂಗಿಯೇ ಕೂಲಿ.

ಬೈಬಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆ ಈ ಲೆಕ್ಕವನ್ನೇ ಕೆಡಿಸುತ್ತದೆ. ದ್ರಾಕ್ಷಿ ತೋಟಕ್ಕೆ ಕೆಲವರು ಬೆಳಗ್ಗೆ ಬರುತ್ತಾರೆ, ಕೆಲವರು ಸಂಜೆ 5ಕ್ಕೆ. ಯಜಮಾನ ಎಲ್ಲರಿಗೂ ಒಂದೇ ದಿನಗೂಲಿ ಕೊಡುತ್ತಾನೆ. ಮೊದಲು ಬಂದವರು ಗೊಣಗುತ್ತಾರೆ. ನಾನಿದ್ದರೂ ಗೊಣಗುತ್ತಿದ್ದೆ, ಬಿಡಿ! ಆದರೆ ಅವರು ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ, ಅಲ್ವಾ? ಸಂಜೆ ಬಂದವರಿಗೆ ಜಾಸ್ತಿ ಸಿಕ್ಕಿದ್ದು ಯಜಮಾನನ ಧಾರಾಳತನದಿಂದ.

ಬೈಬಲಿನಲ್ಲೇ, ಎಫೆಸ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲೂ (2:8-10) ಇದೇ ಮಾತು: ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರ ವರ, ಯಾರೂ ಜಂಬ ಪಡುವಂತಿಲ್ಲ. ಅದರ ಬೆನ್ನಿಗೇ, ಒಳ್ಳೆಯ ಕೆಲಸ ಮಾಡಲಿಕ್ಕೇ ದೇವರು ನಮ್ಮನ್ನು ರೂಪಿಸಿದ್ದಾನೆ ಎಂದೂ ಇದೆ. ಅಂದರೆ ಕೃಪೆ ಮೊದಲು, ಒಳ್ಳೆಯತನ ಅದರ ಫಲ. ಈ ವಿಷಯದಲ್ಲಿ ಕ್ಯಾಥೊಲಿಕರಿಗೂ ಲೂಥರನರಿಗೂ (ಮಾರ್ಟಿನ್ ಲೂಥರನ ದಾರಿ ಹಿಡಿದ ಪ್ರೊಟೆಸ್ಟೆಂಟರು) 16ನೇ ಶತಮಾನದಿಂದ ಜಗಳವಿತ್ತು. 1999ರಲ್ಲಿ ಎರಡೂ ಕಡೆಯವರು ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಅರ್ಹತೆ ನೋಡಿ ಅಲ್ಲ.